ಅಪರಾಧ ಅಂಕಿಅಂಶಗಳು ಮತ್ತು ದೇಶದ ಸುರಕ್ಷತೆಯ ಗ್ರಹಿಕೆ

ಪೊಲೀಸ್, ನ್ಯಾಯಾಲಯ ಮತ್ತು ಸೆರೆಮನೆಗಳ ದಾಖಲೆಗಳಿಂದಲೂ ಮನೆಮನೆ ಸಮೀಕ್ಷೆಗಳಿಂದಲೂ ಸಿದ್ಧವಾಗುವ ಅಪರಾಧದ ಲೆಕ್ಕವೇ ಅಪರಾಧ ಅಂಕಿಅಂಶ. ಒಂದು ದೇಶ ಅಥವಾ ನಗರ ವಾಸಕ್ಕೆ, ಪ್ರವಾಸಕ್ಕೆ, ಬಂಡವಾಳ ಹೂಡಲು ಎಷ್ಟು ಸುರಕ್ಷಿತ ಎಂದು ಜನ ತೀರ್ಮಾನಿಸುವಾಗ ಸ್ವಂತ ಅನುಭವ, ಸುದ್ದಿ, ಕೇಳಿದ ಮಾತುಗಳ ಜೊತೆಗೆ ಈ ಲೆಕ್ಕವೂ ಕೆಲಸ ಮಾಡುತ್ತದೆ. ಹೆಚ್ಚು ಚಲಾವಣೆಯಲ್ಲಿರುವುದು ಪೊಲೀಸ್ ದಾಖಲೆಯ ಅಂಕಿ. ಒಂದು ಘಟನೆ ಅದರೊಳಗೆ ಸೇರಬೇಕಾದರೆ ಮೂರು ಹಂತ ದಾಟಬೇಕು: ನಡೆದದ್ದು ಕಾನೂನಿನ ಪ್ರಕಾರ ಅಪರಾಧವಾಗಿರಬೇಕು, ನೊಂದವರು ಅಥವಾ ಕಂಡವರು ಠಾಣೆಗೆ ತಿಳಿಸಬೇಕು, ಠಾಣೆ ಅದನ್ನು ಪ್ರಕರಣವೆಂದು ದಾಖಲಿಸಬೇಕು. ಈ ಮೂರರಲ್ಲಿ ಯಾವುದು ಬದಲಾದರೂ ಅಂಕಿ ಏರಿಳಿಯುತ್ತದೆ. ಅಪಾಯ ಇದ್ದಷ್ಟೇ ಇದ್ದು ಅಂಕಿ ಏರಬಹುದು. ಅಪಾಯ ಹೆಚ್ಚಿದರೂ ಅಂಕಿ ಕದಲದೆ ಇರಬಹುದು. ಜನ ಅಂಜದೆ ದೂರು ಕೊಡುವ, ಠಾಣೆ ಅದನ್ನು ನಿರಾಕರಿಸದೆ ಬರೆದುಕೊಳ್ಳುವ ನಾಡು ಕಾಗದದ ಮೇಲೆ ಅಪಾಯಕಾರಿಯಾಗಿ ಕಾಣುತ್ತದೆ, ದೂರು ಹೊರಗೇ ಬಾರದ ನಾಡು ಶಾಂತವಾಗಿ ಕಾಣುತ್ತದೆ. ಈ ವಿಷಯದ ಮೂಲ ತೊಡಕು ಇದು.

ಇತಿಹಾಸ

ರಾಷ್ಟ್ರಮಟ್ಟದ ಅಪರಾಧ ಲೆಕ್ಕವನ್ನು ಕ್ರಮವಾಗಿ ಪ್ರಕಟಿಸುವ ಪದ್ಧತಿಗೆ ದಾರಿ ಹಾಕಿದ್ದು ಫ್ರಾನ್ಸ್. ಅಲ್ಲಿನ ನ್ಯಾಯ ಸಚಿವಾಲಯ 1825ರ ಮಾಹಿತಿಯನ್ನು 1827ರಲ್ಲಿ ಹೊರತಂದಿತು. ವಕೀಲ ಆಂದ್ರೆ ಮಿಶೆಲ್ ಗೆರ್ರಿ 1833ರಲ್ಲಿ ಈ ಅಂಕಿಗಳನ್ನು ನಕ್ಷೆಗಳಿಗೆ ಇಳಿಸಿದರು. ಆಸ್ತಿಗೆ ಸಂಬಂಧಿಸಿದ ಅಪರಾಧ ಸಿರಿವಂತ ಉತ್ತರದಲ್ಲಿ ಹೆಚ್ಚು, ದೇಹದ ಮೇಲಿನ ಹಲ್ಲೆ ದಕ್ಷಿಣದಲ್ಲಿ ಹೆಚ್ಚು ಎಂಬುದು ಕಂಡಾಗ, ಬಡತನ ಇದ್ದಲ್ಲೆಲ್ಲ ಅಪರಾಧ ಎಂಬ ಅಂದಿನ ನಂಬಿಕೆ ಅಲುಗಾಡಿತು. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟೆಲೆ 1835ರ ತಮ್ಮ ಗ್ರಂಥದಲ್ಲಿ ವರ್ಷದಿಂದ ವರ್ಷಕ್ಕೆ ಅಪರಾಧದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ತೋರಿಸಿದರು. ಆದರೆ ಅವರು ಒಂದು ಷರತ್ತನ್ನೂ ಗುರುತಿಸಿದ್ದರು. ಬೆಳಕಿಗೆ ಬಂದ ಅಪರಾಧಕ್ಕೂ ನಿಜವಾಗಿ ನಡೆದ ಒಟ್ಟು ಅಪರಾಧಕ್ಕೂ ಇರುವ ಅನುಪಾತ ಸ್ಥಿರವಾಗಿದ್ದರೆ ಮಾತ್ರ ಇಂಥ ಲೆಕ್ಕದಿಂದ ತೀರ್ಮಾನಕ್ಕೆ ಬರಬಹುದು. ಮುಂದಿನ ಎರಡು ಶತಮಾನಗಳ ಚರ್ಚೆಯೆಲ್ಲ ಈ ಷರತ್ತಿನ ಸುತ್ತಲೇ ನಡೆದಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1857ರಿಂದ ಪೊಲೀಸ್ ದಾಖಲೆಯ ವಾರ್ಷಿಕ ಲೆಕ್ಕ ಸಿಗುತ್ತದೆ. ಅಮೆರಿಕದಲ್ಲಿ ಪೊಲೀಸ್ ಮುಖ್ಯಸ್ಥರ ಸಂಘ ರೂಪಿಸಿದ ಏಕರೂಪ ವರದಿ ಪದ್ಧತಿಯನ್ನು ಎಫ್‌ಬಿಐ 1930ರಲ್ಲಿ ವಹಿಸಿಕೊಂಡಿತು. ಪೊಲೀಸರನ್ನು ಬಿಟ್ಟು ನೇರವಾಗಿ ಜನರನ್ನೇ ಕೇಳುವ ಸಂತ್ರಸ್ತರ ಸಮೀಕ್ಷೆ ಅಮೆರಿಕದಲ್ಲಿ 1973ರಲ್ಲಿ, ಬ್ರಿಟನ್ನಿನಲ್ಲಿ 1982ರಲ್ಲಿ ಆರಂಭವಾಯಿತು. ಭಾರತದಲ್ಲಿ 'ಕ್ರೈಮ್ ಇನ್ ಇಂಡಿಯಾ' ವಾರ್ಷಿಕ ವರದಿ 1953ರ ಮಾಹಿತಿಯಿಂದ ಶುರುವಾಗಿ, 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿಯ ಕೈಗೆ ಬಂದಿತು.

ಭಾರತದಲ್ಲಿ ಲೆಕ್ಕ ಸಿದ್ಧವಾಗುವ ಬಗೆ

ಠಾಣೆಯಲ್ಲಿ ದಾಖಲಾದ ಎಫ್‌ಐಆರ್ ಈ ಲೆಕ್ಕದ ಮೂಲ ಘಟಕ. ಠಾಣೆಗಳ ಮಾಹಿತಿ ಜಿಲ್ಲೆಯ, ಅಲ್ಲಿಂದ ರಾಜ್ಯದ ಅಪರಾಧ ದಾಖಲೆ ಘಟಕಕ್ಕೆ ಹೋಗಿ ಕೊನೆಗೆ ಎನ್‌ಸಿಆರ್‌ಬಿಯನ್ನು ಸೇರುತ್ತದೆ. ಪೊಲೀಸರು ನ್ಯಾಯಾಲಯದ ಅಪ್ಪಣೆಗೆ ಕಾಯದೆ ತನಿಖೆ ಆರಂಭಿಸಬಹುದಾದ ಸಂಜ್ಞೇಯ ಅಪರಾಧಗಳನ್ನಷ್ಟೇ ಒಟ್ಟು ಮೊತ್ತಕ್ಕೆ ಹಿಡಿಯುತ್ತಾರೆ. ಠಾಣೆಯಲ್ಲಿ 'ಎನ್‌ಸಿಆರ್' (ಅಸಂಜ್ಞೇಯ ವರದಿ) ಮಾಡಿ ಕಳಿಸಿದ ಜಗಳ, ಬೆದರಿಕೆಗಳು ಇದರಲ್ಲಿ ಬರುವುದಿಲ್ಲ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದದ್ದನ್ನು ಮಾತ್ರ ಎಣಿಸುವುದು ನಿಯಮ. ಅಪಹರಿಸಿ, ದೋಚಿ, ಕೊಂದ ಪ್ರಕರಣ ಕೊಲೆ ಎಂದಷ್ಟೇ ಲೆಕ್ಕಕ್ಕೆ ಸೇರಿ, ಅಪಹರಣ ಮತ್ತು ದರೋಡೆಯ ಕಾಲಂಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಒಟ್ಟು ಪ್ರಕರಣಗಳನ್ನು ಜನಸಂಖ್ಯೆಯಿಂದ ಭಾಗಿಸಿ ಲಕ್ಷ ಜನರಿಗೆ ಇಷ್ಟು ಎಂದು ತೆಗೆಯುವುದು ಅಪರಾಧ ದರ.

ಒಟ್ಟು ಮೊತ್ತ ಹೇಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ 2020ರ ವರದಿ ಒಳ್ಳೆಯ ನಿದರ್ಶನ. ಲಾಕ್‌ಡೌನ್‌ನಿಂದ ಜನ ಮನೆಯೊಳಗೇ ಉಳಿದ ಆ ವರ್ಷ ದೇಶದಲ್ಲಿ ದಾಖಲಾದ ಸಂಜ್ಞೇಯ ಅಪರಾಧಗಳು ಸುಮಾರು 51.6 ಲಕ್ಷದಿಂದ 66 ಲಕ್ಷಕ್ಕೆ ಜಿಗಿದವು. ದರ ಲಕ್ಷಕ್ಕೆ 385.5ರಿಂದ 487.8ಕ್ಕೆ ಏರಿತು. ಇದಕ್ಕೆ ದೊಡ್ಡ ಕಾರಣ ಸರ್ಕಾರಿ ಆದೇಶ ಉಲ್ಲಂಘನೆಯ ಪ್ರಕರಣಗಳು. ದಂಡ ಸಂಹಿತೆಯ 188ನೇ ಕಲಮಿನಡಿ 2019ರಲ್ಲಿ 29,469 ಇದ್ದ ಪ್ರಕರಣಗಳು 2020ರಲ್ಲಿ 6,12,179 ಆದವು. ಅದೇ ವರ್ಷ ಕಳವು ಇಳಿಯಿತು. ಮಹಿಳೆಯರ ಮೇಲಿನ ಅಪರಾಧಗಳ ದಾಖಲೆಯೂ ಶೇಕಡ 8.3ರಷ್ಟು ಇಳಿಯಿತು. ಆದರೆ ಕೌಟುಂಬಿಕ ಹಿಂಸೆಯ ಬಗ್ಗೆ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ದೂರುಗಳು ಅದೇ ಅವಧಿಯಲ್ಲಿ ಹೆಚ್ಚಿದ್ದವು. ಮಾಸ್ಕ್ ಧರಿಸದೆ, ಅಂಗಡಿ ಮುಚ್ಚದೆ ಸಿಕ್ಕಿಬಿದ್ದವರಿಂದ ದೇಶದ ಅಪರಾಧ ದರ ಏರಿತು. ಹೊಡೆಯುವವನ ಜೊತೆಗೇ ಮನೆಯಲ್ಲಿ ಸಿಲುಕಿದವರ ನೋವು ಆ ದರವನ್ನು ಮುಟ್ಟಲಿಲ್ಲ.

ದಾಖಲಾಗದ ಅಪರಾಧ

ನಡೆದರೂ ಲೆಕ್ಕಕ್ಕೆ ಬಾರದ ಅಪರಾಧದ ಪ್ರಮಾಣ ಎಲ್ಲ ಬಗೆಯ ಅಪರಾಧಗಳಲ್ಲೂ ಒಂದೇ ಇರುವುದಿಲ್ಲ. ಕೊಲೆಯಲ್ಲಿ ಶವ ಇರುತ್ತದೆ, ಮುಚ್ಚಿಡುವುದು ಕಷ್ಟ. ವಾಹನ ಕಳವಾದರೆ ವಿಮೆಯ ಹಣಕ್ಕೆ ಎಫ್‌ಐಆರ್ ಪ್ರತಿ ಬೇಕು, ಹಾಗಾಗಿ ಮಾಲೀಕರು ಬಿಡದೆ ಕೇಸು ಹಾಕಿಸುತ್ತಾರೆ. ಜೇಬುಗಳ್ಳತನ, ಲೈಂಗಿಕ ಕಿರುಕುಳ, ಮನೆಯೊಳಗಿನ ಹೊಡೆತ, ಲಂಚ ಇವುಗಳಲ್ಲಿ ಬಹುಪಾಲು ಠಾಣೆಯ ಮೆಟ್ಟಿಲು ಹತ್ತುವುದೇ ಇಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಅಂತರವನ್ನು ಕಾಣಿಸುತ್ತದೆ. 2019-21ರ ಐದನೇ ಸುತ್ತಿನಲ್ಲಿ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇಕಡ 29 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡ 44.4, ರಾಜ್ಯಗಳಲ್ಲೇ ಅತಿ ಹೆಚ್ಚು. ಹಿಂದಿನ ಸುತ್ತಿನಲ್ಲಿ ಅದು ಶೇಕಡ 20.6 ಇತ್ತು. ಕೇರಳದಲ್ಲಿ ಶೇಕಡ 10ರ ಆಸುಪಾಸು. ಇಡೀ ದೇಶದಲ್ಲಿ ಹಿಂಸೆಗೊಳಗಾದವರ ಪೈಕಿ ಯಾರಿಂದಲಾದರೂ ನೆರವು ಕೇಳಿದವರು ಶೇಕಡ 14ರಷ್ಟು ಮಾತ್ರ, ಅವರಲ್ಲೂ ಹೆಚ್ಚಿನವರು ತವರಿನವರ ಬಳಿಗೆ ಹೋದವರು. ಆದರೆ ಪೊಲೀಸ್ ಲೆಕ್ಕದಲ್ಲಿ ಒಟ್ಟು ಅಪರಾಧ ದರ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತ ಬಂದಿರುವುದು ಕೇರಳವೇ. ಅಲ್ಲಿ ಕೊಲೆಯ ದರ ಕಡಿಮೆ, ಸಾಕ್ಷರತೆ ಹೆಚ್ಚು, ದೂರು ದಾಖಲಾಗುವುದೂ ಹೆಚ್ಚು. ಸಮೀಕ್ಷೆಯನ್ನು ಓದಿದವರಿಗೆ ಒಂದು ಕೇರಳ, ಪೊಲೀಸ್ ವರದಿಯನ್ನು ಓದಿದವರಿಗೆ ಇನ್ನೊಂದು ಕೇರಳ ಸಿಗುತ್ತದೆ.

ಠಾಣೆಯ ಕಡೆಯಿಂದಲೂ ಅಪರಾಧ ಮರೆಯಾಗುತ್ತದೆ. ದೂರನ್ನು ಎಫ್‌ಐಆರ್ ಮಾಡದೆ ಅರ್ಜಿ ವಿಚಾರಣೆ ಎಂದು ಇಟ್ಟುಕೊಳ್ಳುವುದು, ರಾಜಿ ಮಾಡಿಸಿ ಕಳಿಸುವುದು, ಸುಲಿಗೆಯನ್ನು ಕಳವೆಂದು ಬರೆದುಕೊಳ್ಳುವುದು ಭಾರತದ ಪೊಲೀಸ್ ವ್ಯವಸ್ಥೆಯ ಹಳೆಯ ಚಾಳಿಗಳು. ಇದು ಇಲ್ಲಿಯದಷ್ಟೇ ಸಮಸ್ಯೆಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸ್ ತಪಾಸಣಾ ಸಂಸ್ಥೆ 2014ರಲ್ಲಿ ನಡೆಸಿದ ಪರಿಶೀಲನೆಯಲ್ಲಿ, ಜನ ತಿಳಿಸಿದ ಅಪರಾಧಗಳ ಪೈಕಿ ಶೇಕಡ 19ರಷ್ಟು ದಾಖಲಾಗಿರಲಿಲ್ಲ. ಲೈಂಗಿಕ ಅಪರಾಧಗಳಲ್ಲಿ ಈ ಪ್ರಮಾಣ ಶೇಕಡ 26 ಇತ್ತು. ಅದೇ ವರ್ಷದ ಆರಂಭದಲ್ಲಿ ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರ ಪೊಲೀಸ್ ದಾಖಲೆಯ ಅಪರಾಧ ಲೆಕ್ಕಕ್ಕಿದ್ದ ಅಧಿಕೃತ ಗುಣಮಟ್ಟದ ಮಾನ್ಯತೆಯನ್ನು ಹಿಂತೆಗೆದುಕೊಂಡಿತ್ತು.

ಕಾನೂನು ಮತ್ತು ದಾಖಲಾತಿ ಬದಲಾದಾಗ

2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಬಳಿಕ ಭಾರತದಲ್ಲಿ ಮೂರು ಬದಲಾವಣೆಗಳು ಒಟ್ಟಿಗೆ ಬಂದವು. 2013ರ ತಿದ್ದುಪಡಿ ಕಾಯ್ದೆ ಅತ್ಯಾಚಾರದ ವ್ಯಾಖ್ಯೆಯನ್ನು ಹಿಗ್ಗಿಸಿತು. ಇಂಥ ದೂರನ್ನು ದಾಖಲಿಸದ ಅಧಿಕಾರಿಗೆ ಶಿಕ್ಷೆ ವಿಧಿಸುವ 166ಎ ಕಲಮು ಸೇರಿತು. ಅದೇ ವರ್ಷ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ತೀರ್ಪಿತ್ತಿತು. ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 2012ರ 24,923ರಿಂದ ಒಂದೇ ವರ್ಷದಲ್ಲಿ 33,707ಕ್ಕೆ ಏರಿದವು. ದೆಹಲಿಯಲ್ಲಿ 706ರಿಂದ 1,636ಕ್ಕೆ. ಒಂದು ನಗರದಲ್ಲಿ ಈ ಅಪರಾಧವೇ ಹನ್ನೆರಡು ತಿಂಗಳಲ್ಲಿ ಇಮ್ಮಡಿಯಾಯಿತು ಎನ್ನುವುದಕ್ಕಿಂತ, ಅದುವರೆಗೆ ಮುಚ್ಚಿಹೋಗುತ್ತಿದ್ದುದು ಹೊರಬಂತು ಎನ್ನುವುದೇ ಹೆಚ್ಚು ಸಮಂಜಸ. ಆದರೆ ಜಗತ್ತಿನ ಪತ್ರಿಕೆಗಳಲ್ಲಿ ಬಂದದ್ದು ಏರಿದ ಅಂಕಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಪ್ರಜೆಗಳಿಗೆ ಕೊಡುವ ಪ್ರವಾಸ ಸೂಚನೆಯಲ್ಲಿ, ಅತ್ಯಾಚಾರವು ಭಾರತದಲ್ಲಿ ಅತಿ ವೇಗವಾಗಿ ಹೆಚ್ಚುತ್ತಿರುವ ಅಪರಾಧಗಳಲ್ಲಿ ಒಂದು ಎಂದು ಭಾರತದ ಅಧಿಕಾರಿಗಳನ್ನೇ ಆಧರಿಸಿ ಹಲವು ವರ್ಷ ಬರೆಯುತ್ತ ಬಂದಿತು. ಸುಧಾರಣೆಯ ಫಲವಾಗಿ ಏರಿದ ಅಂಕಿಯೇ ದೇಶದ ವಿರುದ್ಧ ಸಾಕ್ಷಿಯಾಗಿ ನಿಂತಿತು.

ಜಪಾನ್ ಇದಕ್ಕೆ ಮೊದಲೇ ಇಂಥ ಅನುಭವ ಕಂಡಿತ್ತು. 1999ರಲ್ಲಿ ಒಕೆಗಾವಾ ಪಟ್ಟಣದಲ್ಲಿ, ಬೆನ್ನುಬಿದ್ದು ಕಾಡುತ್ತಿದ್ದವನ ವಿರುದ್ಧ ಯುವತಿಯೊಬ್ಬಳು ಕೊಟ್ಟ ದೂರನ್ನು ಪೊಲೀಸರು ಕಡೆಗಣಿಸಿದರು, ಆಕೆಯ ಕೊಲೆಯಾಯಿತು. ದೂರಿನ ದಾಖಲೆಯನ್ನು ತಿದ್ದಿದ್ದೂ ಬಯಲಾಯಿತು. ಟೀಕೆಗೆ ಗುರಿಯಾದ ರಾಷ್ಟ್ರೀಯ ಪೊಲೀಸ್ ಸಂಸ್ಥೆ, ಜನ ತಂದ ಪ್ರತಿ ದೂರನ್ನೂ ಗಂಭೀರವಾಗಿ ಸ್ವೀಕರಿಸುವಂತೆ 2000ದಲ್ಲಿ ಸೂಚಿಸಿತು. ದಾಖಲಾದ ಅಪರಾಧ ಏರುತ್ತ 2002ರಲ್ಲಿ ಸುಮಾರು 28.5 ಲಕ್ಷ ಮುಟ್ಟಿತು, ಪತ್ತೆಯಾದ ಪ್ರಕರಣಗಳ ಪ್ರಮಾಣ ಕುಸಿಯಿತು. ದೇಶದ ಸುರಕ್ಷತೆಯೇ ಕುಸಿದುಬಿತ್ತು ಎಂಬ ಕೂಗು ಎದ್ದು ಶಿಕ್ಷೆಗಳು ಕಠಿಣವಾದವು. ಕೊಲೆಯ ಅಂಕಿಗಳಲ್ಲಿ ಅಂಥ ಏರಿಕೆ ಇಲ್ಲದ್ದನ್ನು ತೋರಿಸಿ, ಈ ಕುಸಿತ ಒಂದು ಮಿಥ್ಯೆ ಎಂದು ಅಪರಾಧಶಾಸ್ತ್ರಜ್ಞ ಕೊಯಿಚಿ ಹಮಾಯ್ ವಾದಿಸಿದರು. ಮುಂದೆ ಅಲ್ಲಿ ದಾಖಲಾದ ಅಪರಾಧ ಸತತವಾಗಿ ಇಳಿದು 2021ರಲ್ಲಿ 5.7 ಲಕ್ಷದಷ್ಟಾಯಿತು.

ಸ್ವೀಡನ್ನಿನ ಪಾಠ ಎರಡು ಬಗೆಯದು. ಅಲ್ಲಿ ದಾಖಲಾಗುವ ಅತ್ಯಾಚಾರದ ದರ ಭಾರತದ ದರಕ್ಕಿಂತ ಹತ್ತಾರು ಪಟ್ಟು ಹೆಚ್ಚು. 2005ರಲ್ಲಿ ಕಾನೂನಿನ ವ್ಯಾಖ್ಯೆ ಹಿಗ್ಗಿತು, 2018ರಲ್ಲಿ ಒಪ್ಪಿಗೆಯಿಲ್ಲದ ಸಂಭೋಗವೆಲ್ಲ ಅಪರಾಧವಾಯಿತು. ಒಬ್ಬನೇ ವ್ಯಕ್ತಿ ಹಲವು ಬಾರಿ ಎಸಗಿದ್ದರೆ ಪ್ರತಿಯೊಂದನ್ನೂ ಅಲ್ಲಿ ಬೇರೆಬೇರೆಯಾಗಿ ಎಣಿಸುತ್ತಾರೆ, ದೂರು ಬಂದ ಕ್ಷಣದಲ್ಲೇ ಎಣಿಸುತ್ತಾರೆ. ಗಂಡನಿಂದಾದ ಅತ್ಯಾಚಾರ ಅಲ್ಲಿ 1965ರಿಂದ ಅಪರಾಧ. ಭಾರತದಲ್ಲಿ ವಯಸ್ಕ ಪತ್ನಿಯ ವಿಷಯದಲ್ಲಿ ಅದಕ್ಕಿರುವ ವಿನಾಯಿತಿ 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಆದ್ದರಿಂದ ಎರಡು ದೇಶಗಳ ಈ ಅಂಕಿಗಳನ್ನು ಪಕ್ಕಪಕ್ಕ ಇಡುವುದರಲ್ಲಿ ಅರ್ಥವಿಲ್ಲ. ಆದರೆ ಸ್ವೀಡನ್ನಿನ ಅಪರಾಧವೆಲ್ಲ ಎಣಿಕೆಯ ಮಾಯೆ ಎಂದು ತಳ್ಳಿಹಾಕುವುದೂ ತಪ್ಪಾಗುತ್ತದೆ. ಗುಂಡೇಟಿನ ಸಾವುಗಳು ಅಲ್ಲಿ ನಿಜವಾಗಿಯೇ ಏರಿವೆ. ಅಲ್ಲಿನ ಅಪರಾಧ ತಡೆ ಮಂಡಳಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹತ್ತು ಲಕ್ಷ ಜನರಿಗೆ ಇಂಥ ಸಾವು ನಾಲ್ಕರಷ್ಟು, ಯುರೋಪಿನ ಸರಾಸರಿ 1.6. 2022ರಲ್ಲಿ 62 ಮಂದಿ ಗುಂಡಿಗೆ ಬಲಿಯಾದರು. ಸುರಕ್ಷಿತ ಎಂದು ಹೆಸರಾದ ದೇಶ ಆ ಹೆಸರಿನ ಆಸರೆಯಲ್ಲಿ ನಿಜವಾದ ಏರಿಕೆಯನ್ನು ತಡವಾಗಿ ಗುರುತಿಸುವ ಅಪಾಯವೂ ಇದೆ.

ದೇಶಗಳ ನಡುವಣ ಹೋಲಿಕೆ

ಹೀಗೆ ವ್ಯಾಖ್ಯೆ, ಎಣಿಕೆ, ದೂರಿನ ರೂಢಿಗಳು ಬೇರೆಬೇರೆ ಇರುವುದರಿಂದ ಒಟ್ಟು ಅಪರಾಧ ದರದ ಮೇಲೆ ದೇಶಗಳನ್ನು ಸಾಲಾಗಿ ನಿಲ್ಲಿಸಲಾಗದು. ಸಂಶೋಧಕರು ಸಾಮಾನ್ಯವಾಗಿ ನಂಬುವುದು ಉದ್ದೇಶಪೂರ್ವಕ ಹತ್ಯೆಯ ದರವನ್ನು. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 4.58 ಲಕ್ಷ ಮಂದಿ ಹೀಗೆ ಹತರಾದರು, ಅಂದರೆ ಲಕ್ಷಕ್ಕೆ 5.8. ಭಾರತದಲ್ಲಿ ಕೊಲೆ ಪ್ರಕರಣಗಳು 1992ರಲ್ಲಿ 40,000 ದಾಟಿದ್ದವು, 2022ರಲ್ಲಿ 28,522. ನಡುವೆ ಜನಸಂಖ್ಯೆ ಅರ್ಧಕ್ಕೂ ಹೆಚ್ಚು ಬೆಳೆದದ್ದರಿಂದ ದರ ಲಕ್ಷಕ್ಕೆ 2.1ಕ್ಕೆ ಇಳಿದಿದೆ. ಮೂರು ದಶಕಗಳ ಈ ಇಳಿಕೆ ಭಾರತದ ಅಪರಾಧ ದಾಖಲೆಯ ಅತಿ ಮುಖ್ಯ ಸಂಗತಿಗಳಲ್ಲಿ ಒಂದು, ಜನರ ಮಾತಿನಲ್ಲಿ ಅತಿ ಕಡಿಮೆ ಕೇಳಿಬರುವುದೂ ಹೌದು. ದಾಖಲಾತಿಯ ಬೇರೆ ಬೇರೆ ಪದ್ಧತಿಗಳನ್ನು ಒಂದೇ ಚೌಕಟ್ಟಿಗೆ ತರಲು ವಿಶ್ವಸಂಸ್ಥೆ 2015ರಲ್ಲಿ ಅಪರಾಧಗಳ ಅಂತರರಾಷ್ಟ್ರೀಯ ವರ್ಗೀಕರಣವನ್ನು ಒಪ್ಪಿಕೊಂಡಿತು.

ಜನಸಾಮಾನ್ಯರನ್ನು ಹೆಚ್ಚು ಮುಟ್ಟುವುದು ಮಾತ್ರ ಅಭಿಪ್ರಾಯ ಆಧಾರಿತ ಶ್ರೇಯಾಂಕಗಳು. ಥಾಮ್ಸನ್ ರಾಯಿಟರ್ಸ್ ಫೌಂಡೇಷನ್ 2018ರಲ್ಲಿ 548 ಪರಿಣತರ ಅಭಿಪ್ರಾಯ ಕೇಳಿ, ಮಹಿಳೆಯರಿಗೆ ಅತಿ ಅಪಾಯಕಾರಿ ದೇಶ ಭಾರತ ಎಂದು ಪ್ರಕಟಿಸಿತು; ಯುದ್ಧದಲ್ಲಿ ಬೇಯುತ್ತಿದ್ದ ಅಫ್ಘಾನಿಸ್ತಾನ, ಸಿರಿಯಾಗಳು ಎರಡು, ಮೂರನೆಯ ಸ್ಥಾನದಲ್ಲಿದ್ದವು. ರಾಷ್ಟ್ರೀಯ ಮಹಿಳಾ ಆಯೋಗ ಇದನ್ನು ತಿರಸ್ಕರಿಸಿತು. ಇದು ಗ್ರಹಿಕೆಯ ಸಮೀಕ್ಷೆ ಎಂದು ಸಂಸ್ಥೆಯೇ ಹೇಳಿದ್ದರೂ ತಲೆಬರಹಗಳಲ್ಲಿ ಅದು ಅಳೆದು ತೂಗಿದ ಸತ್ಯದಂತೆ ಓಡಾಡಿತು. ನಂಬಿಯೊದಂಥ ಜಾಲತಾಣಗಳ ಅಪರಾಧ ಸೂಚ್ಯಂಕವೂ ಅಲ್ಲಿಗೆ ಬಂದ ಬಳಕೆದಾರರ ಉತ್ತರಗಳಿಂದ ಕಟ್ಟಿದ್ದು. ಮೊದಲೇ ಮನಸ್ಸಿನಲ್ಲಿದ್ದ ಗ್ರಹಿಕೆ ಸಂಖ್ಯೆಯಾಗಿ ಮರಳಿ ಬಂದು, ಅದೇ ಗ್ರಹಿಕೆಗೆ ಪುರಾವೆಯಾಗುತ್ತದೆ.

ನಗರಗಳ ಶ್ರೇಯಾಂಕ: ಕೋಲ್ಕತ್ತ ಮತ್ತು ಬೆಂಗಳೂರು

ಎನ್‌ಸಿಆರ್‌ಬಿ ವರದಿ ಬಂದಾಗಲೆಲ್ಲ ಪತ್ರಿಕೆಗಳು 'ಅತಿ ಸುರಕ್ಷಿತ ನಗರ'ವನ್ನು ಆರಿಸುತ್ತವೆ. 2022ರ ಅಂಕಿಗಳಲ್ಲಿ ಲಕ್ಷ ಜನರಿಗೆ ಸಂಜ್ಞೇಯ ಅಪರಾಧ ಕೋಲ್ಕತ್ತದಲ್ಲಿ 86.5, ಪುಣೆಯಲ್ಲಿ 280.7, ಹೈದರಾಬಾದಿನಲ್ಲಿ 299.2. ಮಹಾನಗರಗಳ ದರ ತೆಗೆಯಲು ಬ್ಯೂರೊ ಬಳಸುವುದು 2011ರ ಜನಗಣತಿಯ ಸಂಖ್ಯೆ. ಕೋಲ್ಕತ್ತಕ್ಕೆ ಹಿಡಿದದ್ದು ಇಡೀ ನಗರ ಸಮೂಹದ 141 ಲಕ್ಷ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಆಗ ಇದ್ದವರು ಸುಮಾರು 45 ಲಕ್ಷ. ಯಾವ ಗಡಿಯೊಳಗಿನ ಜನರಿಂದ ಭಾಗಿಸುತ್ತೇವೆ ಎಂಬುದರ ಮೇಲೆ ನಗರದ ದರ ಹಲವು ಪಟ್ಟು ಬದಲಾಗಬಲ್ಲದು. 2024ರ ಆಗಸ್ಟ್‌ನಲ್ಲಿ ಆರ್‌.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಕರ್ತವ್ಯದಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ನಡೆದು ಕೋಲ್ಕತ್ತದ ಬೀದಿಗಳು ಪ್ರತಿಭಟನೆಯಿಂದ ತುಂಬಿದಾಗ, ವರ್ಷಗಳಿಂದ ಬಂದ 'ಅತಿ ಸುರಕ್ಷಿತ' ಎಂಬ ಬಿರುದು ಯಾರಿಗೂ ಸಮಾಧಾನ ತರಲಿಲ್ಲ.

ಬೆಂಗಳೂರಿಗೆ ಅಂಟಿದ್ದು ಇದಕ್ಕೆ ವಿರುದ್ಧವಾದ ಹೆಸರು. 2022ರಲ್ಲಿ ಇಲ್ಲಿ 9,940 ಸೈಬರ್ ಅಪರಾಧಗಳು ದಾಖಲಾದವು. ಮುಂಬೈಯಲ್ಲಿ 4,724, ಹೈದರಾಬಾದಿನಲ್ಲಿ 4,436, ದೆಹಲಿಯಲ್ಲಿ 685. ದೆಹಲಿಯ ಜನ ಆನ್‌ಲೈನ್ ವಂಚನೆಯಿಂದ ಅಷ್ಟರಮಟ್ಟಿಗೆ ಪಾರಾಗಿದ್ದಾರೆ ಎಂದು ಯಾರೂ ನಂಬಲಾರರು. ಬೆಂಗಳೂರಿನಲ್ಲಿ ಸೈಬರ್ ಅಪರಾಧಕ್ಕೆಂದೇ 2001ರಲ್ಲೇ ಠಾಣೆ ಬಂದಿತ್ತು, ಮುಂದೆ ನಗರದ ಪ್ರತಿ ವಿಭಾಗಕ್ಕೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ 'ಸೆನ್' ಠಾಣೆಗಳು ಬಂದವು. ಹಣ ಕಳೆದುಕೊಂಡ ಐಟಿ ನೌಕರನಿಗೆ ಎಲ್ಲಿ ದೂರು ಕೊಡಬೇಕೆಂಬುದು ಗೊತ್ತು. ವ್ಯವಹಾರವೆಲ್ಲ ಮೊಬೈಲಿನಲ್ಲೇ ನಡೆಯುವ ಊರಾದ್ದರಿಂದ ವಂಚಕರಿಗೆ ಇಲ್ಲಿ ಬೇಟೆಯೂ ಹೆಚ್ಚು ಎಂಬುದು ನಿಜ. ಈ ದೊಡ್ಡ ಸಂಖ್ಯೆಯಲ್ಲಿ ಯಾವುದರ ಪಾಲು ಎಷ್ಟು ಎಂದು ಪೊಲೀಸ್ ದಾಖಲೆಯೊಂದೇ ಬಿಡಿಸಿ ಹೇಳದು. ಜೊತೆಗೆ, 2011ರಲ್ಲಿ 85 ಲಕ್ಷವಿದ್ದ ನಗರ ಆಮೇಲೆ ಬಹಳ ಬೆಳೆದಿದೆ. ಹಳೆಯ ಜನಸಂಖ್ಯೆಯಿಂದಲೇ ಭಾಗಿಸಿದರೆ ದರ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಇಡೀ ದೇಶದಲ್ಲಿ 2022ರಲ್ಲಿ ಸೈಬರ್ ಅಪರಾಧದ ಎಫ್‌ಐಆರ್‌ಗಳು 65,893 ಆಗಿದ್ದರೆ, ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ಗೆ ಬಂದ ದೂರುಗಳು ಸುಮಾರು 10 ಲಕ್ಷ.

ಮಾಧ್ಯಮ ಮತ್ತು ಭಯ

ಅಂಕಿ ಸರಿಯಿದ್ದರೂ ಗ್ರಹಿಕೆ ಅದನ್ನು ಹಿಂಬಾಲಿಸುವುದಿಲ್ಲ. ಅಮೆರಿಕದಲ್ಲಿ ಹಿಂಸಾತ್ಮಕ ಅಪರಾಧದ ದರ 1991ರಲ್ಲಿ ಲಕ್ಷಕ್ಕೆ 758ರ ತುದಿ ಮುಟ್ಟಿ, ಮೂರು ದಶಕಗಳಲ್ಲಿ ಅರ್ಧಕ್ಕೆ ಇಳಿದಿದೆ. ಆದರೆ ಗ್ಯಾಲಪ್ ಸಮೀಕ್ಷೆಗಳಲ್ಲಿ ಹೆಚ್ಚಿನ ವರ್ಷಗಳಲ್ಲೂ ಬಹುಮತದ ಉತ್ತರ, ದೇಶದಲ್ಲಿ ಅಪರಾಧ ಕಳೆದ ವರ್ಷಕ್ಕಿಂತ ಹೆಚ್ಚಿದೆ ಎಂದೇ. 2023ರಲ್ಲಿ ಶೇಕಡ 77 ಮಂದಿ ಹಾಗೆ ಹೇಳಿದರು; ಎಫ್‌ಬಿಐ ಲೆಕ್ಕದಲ್ಲಿ ಆ ವರ್ಷ ಕೊಲೆಗಳು ಶೇಕಡ 11ಕ್ಕೂ ಹೆಚ್ಚು ಇಳಿದಿದ್ದವು. ತಮ್ಮ ಸ್ವಂತ ಬಡಾವಣೆಯ ಬಗ್ಗೆ ಕೇಳಿದರೆ ಅದೇ ಜನ ಅಷ್ಟು ಆತಂಕ ತೋರಿಸುವುದಿಲ್ಲ. ಬಡಾವಣೆಯನ್ನು ಅವರು ಕಣ್ಣಾರೆ ಕಂಡಿರುತ್ತಾರೆ, ದೇಶವನ್ನು ಪರದೆಯ ಮೇಲೆ ಕಂಡಿರುತ್ತಾರೆ.

ಟಿವಿ ಹೆಚ್ಚು ನೋಡುವವರು ಜಗತ್ತನ್ನು ಇರುವುದಕ್ಕಿಂತ ಕ್ರೂರವೆಂದು ಭಾವಿಸುತ್ತಾರೆ ಎಂದು ಜಾರ್ಜ್ ಗರ್ಬ್ನರ್ 1970ರ ದಶಕದಲ್ಲಿ ವಾದಿಸಿದರು. 1976ರಲ್ಲಿ ನ್ಯೂಯಾರ್ಕಿನ ಪತ್ರಿಕೆಗಳು, ವಾಹಿನಿಗಳು ವೃದ್ಧರ ಮೇಲಿನ ಅಪರಾಧದ ಅಲೆ ಎದ್ದಿದೆ ಎಂದು ವಾರಗಟ್ಟಲೆ ವರದಿ ಮಾಡಿದವು. ಸಮಾಜಶಾಸ್ತ್ರಜ್ಞ ಮಾರ್ಕ್ ಫಿಶ್‌ಮನ್ ದಾಖಲೆ ತೆಗೆದು ನೋಡಿದಾಗ ಅಂಥ ಅಲೆಗೆ ಆಧಾರ ಸಿಗಲಿಲ್ಲ. ವೃದ್ಧರ ಕೊಲೆಗಳು ಇಳಿದೇ ಇದ್ದವು. ಒಂದು ಸುದ್ದಿಮನೆ ಹಿಡಿದ ಎಳೆಯನ್ನು ಉಳಿದವು ಹಿಡಿದು, ಪೊಲೀಸರು ಅದೇ ಬಗೆಯ ಪ್ರಕರಣಗಳನ್ನು ಹುಡುಕಿ ಒದಗಿಸಿ, ಅಲೆ ಸೃಷ್ಟಿಯಾಗಿತ್ತು.

ಭಯಕ್ಕೂ ಅಪಾಯಕ್ಕೂ ಹೊಂದಿಕೆ ಇರದಿರುವುದು ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ರಸ್ತೆಯ ಹಿಂಸೆಗೆ ಹೆಚ್ಚು ಬಲಿಯಾಗುವವರು ಯುವಕರು, ಹೆಚ್ಚು ಹೆದರುವವರು ಮಹಿಳೆಯರು ಮತ್ತು ವೃದ್ಧರು. ಇದನ್ನು ಅವಿವೇಕ ಎಂದುಬಿಡುವುದು ಸರಿಯಲ್ಲ. ಹಿಂಬಾಲಿಸುವುದು, ಮೈ ತಾಗಿಸುವುದು, ಬಸ್ಸಿನಲ್ಲಿ ಕಾಡುವುದು ಬಹುಪಾಲು ದಾಖಲಾಗುವುದಿಲ್ಲ. ಹೆದರಿಕೆ ಕಟ್ಟಿಕೊಂಡಿರುವುದು ಆ ದಾಖಲಾಗದ ಅನುಭವದಿಂದ. ಇನ್ನೊಂದು ಕಡೆ, ಎನ್‌ಸಿಆರ್‌ಬಿ ಲೆಕ್ಕದಲ್ಲಿ ಅತ್ಯಾಚಾರ ಪ್ರಕರಣಗಳ ಶೇಕಡ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತನೇ. ಭಯ ಮಾತ್ರ ಕತ್ತಲ ರಸ್ತೆಯ ಅಪರಿಚಿತನ ಮೇಲೆಯೇ ನೆಟ್ಟಿರುತ್ತದೆ.

ಗ್ರಹಿಕೆಯ ಪರಿಣಾಮಗಳು

ಗ್ರಹಿಕೆ ತಪ್ಪಾಗಿದ್ದರೂ ಅದರ ಫಲ ನಿಜ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರ ಬಗ್ಗೆ ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನದಲ್ಲಿ, ಹೋಗಿಬರುವ ದಾರಿ ಹೆಚ್ಚು ಸುರಕ್ಷಿತವಾಗಿರಲೆಂದು ಹುಡುಗಿಯರು ಒಳ್ಳೆಯ ಕಾಲೇಜನ್ನು ಬಿಟ್ಟು ಕೆಳದರ್ಜೆಯದನ್ನು ಆರಿಸಿಕೊಳ್ಳುತ್ತಿದ್ದುದು ಕಂಡಿತು. ಹುಡುಗರ ಆಯ್ಕೆಯಲ್ಲಿ ಈ ಲೆಕ್ಕ ಅಷ್ಟಾಗಿ ಇರಲಿಲ್ಲ. ಸುರಕ್ಷತೆಯ ಅಂದಾಜು ಹೀಗೆ ಓದು, ಉದ್ಯೋಗ, ಸಂಬಳಗಳವರೆಗೆ ಸಾಗುತ್ತದೆ.

ಪ್ರವಾಸೋದ್ಯಮದ ವಿಷಯದಲ್ಲಿ ಪರಿಣಾಮದ ಅಂದಾಜೇ ಕೆಲವೊಮ್ಮೆ ಉತ್ಪ್ರೇಕ್ಷೆಯಾಗುತ್ತದೆ. ದೆಹಲಿ ಪ್ರಕರಣದ ನಂತರ ವಿದೇಶಿ ಪ್ರವಾಸಿಗರು ಶೇಕಡ 25ರಷ್ಟು, ಮಹಿಳಾ ಪ್ರವಾಸಿಗರು ಶೇಕಡ 35ರಷ್ಟು ಕಡಿಮೆಯಾದರು ಎಂದು ಉದ್ಯಮ ಸಂಘಟನೆ ಅಸೋಚಾಮ್, ಪ್ರವಾಸ ಸಂಸ್ಥೆಗಳ ಸಮೀಕ್ಷೆ ಆಧರಿಸಿ 2013ರಲ್ಲಿ ಹೇಳಿತು. ಸರ್ಕಾರದ ಲೆಕ್ಕದಲ್ಲಿ ವಿದೇಶಿ ಪ್ರವಾಸಿಗರು 2012ರ 65.8 ಲಕ್ಷದಿಂದ 2013ರಲ್ಲಿ 69.7 ಲಕ್ಷಕ್ಕೆ ಏರಿದ್ದರು. ಬಂದವರ ಸಂಖ್ಯೆ ಹೆಚ್ಚಿತೆಂದರೆ ಭಯ ಇರಲಿಲ್ಲ ಎಂದೇನೂ ಅಲ್ಲ; ಎಲ್ಲಿ ಉಳಿದರು, ಒಬ್ಬರೇ ಓಡಾಡಿದರೇ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಆಡಳಿತ, ರಾಜಕಾರಣ ಮತ್ತು ಅಂಕಿಯ ಒತ್ತಡ

ಅಂಕಿಯಿಂದಲೇ ಕಾರ್ಯಕ್ಷಮತೆ ಅಳೆಯಲು ಹೊರಟಾಗ ಅಂಕಿಯನ್ನೇ ಹೊಂದಿಸುವ ಆಸೆ ಹುಟ್ಟುತ್ತದೆ ಎಂದು ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ನ್ಯೂಯಾರ್ಕ್ ಪೊಲೀಸರು 1994ರಲ್ಲಿ ತಂದ ಕಾಂಪ್‌ಸ್ಟಾಟ್ ಪದ್ಧತಿಯಲ್ಲಿ ಪ್ರತಿ ಠಾಣಾಧಿಕಾರಿ ತನ್ನ ಅಂಕಿಗಳಿಗೆ ಉತ್ತರಿಸಬೇಕಿತ್ತು. ಅಪರಾಧ ಇಳಿಯಿತು, ಗಂಭೀರ ಅಪರಾಧವನ್ನು ಹಗುರ ಕಲಮಿಗೆ ಇಳಿಸಿ ಬರೆಯುತ್ತಾರೆಂಬ ಆರೋಪವೂ ಬಂತು. ದಕ್ಷಿಣ ಆಫ್ರಿಕಾ 2000ದಲ್ಲಿ ಅಂಕಿಗಳ ಪ್ರಕಟಣೆಯನ್ನೇ ಕೆಲ ಕಾಲ ತಡೆಹಿಡಿದು, ಮುಚ್ಚಿಡಲು ಏನೋ ಇದೆ ಎಂಬ ಅನುಮಾನಕ್ಕೆ ದಾರಿ ಮಾಡಿತು. ಭಾರತದಲ್ಲಿ 2017ರ ವರದಿ ಹೊರಬಂದದ್ದು 2019ರ ಅಕ್ಟೋಬರ್‌ನಲ್ಲಿ, ಗುಂಪು ಹತ್ಯೆಯ ಮಾಹಿತಿ ಅದರಲ್ಲಿರಲಿಲ್ಲ. 2023ರ ವರದಿ ಬಂದದ್ದು 2025ರಲ್ಲಿ.

ದೇಶದ ಚಿತ್ರವನ್ನೇ ಅಂಕಿಯ ಮೇಲೆ ಕಟ್ಟಿದ ಇತ್ತೀಚಿನ ಉದಾಹರಣೆ ಎಲ್ ಸಾಲ್ವಡಾರ್. 2015ರಲ್ಲಿ ಲಕ್ಷಕ್ಕೆ 100ಕ್ಕೂ ಹೆಚ್ಚಿದ್ದ ಹತ್ಯೆಯ ದರ, ಸರ್ಕಾರದ ಲೆಕ್ಕದಂತೆ 2023ರಲ್ಲಿ 2.4ಕ್ಕೆ ಇಳಿಯಿತು. 2022ರ ಮಾರ್ಚ್‌ನಲ್ಲಿ ಘೋಷಿಸಿದ ತುರ್ತು ಸ್ಥಿತಿಯಡಿ 80,000ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಲಾಯಿತು. ಪೊಲೀಸರೊಂದಿಗಿನ ಘರ್ಷಣೆಯಲ್ಲಿ ಸತ್ತವರನ್ನು ಈ ಲೆಕ್ಕದಿಂದ ಹೊರಗಿಟ್ಟಿರುವುದನ್ನು ಟೀಕಾಕಾರರು ಎತ್ತಿ ತೋರಿಸಿದ್ದಾರೆ. ಆದರೂ ಇಳಿಕೆ ದೊಡ್ಡದು, ಅಲ್ಲಿನ ಜನ ಅದನ್ನು ಬೀದಿಯಲ್ಲಿ ಅನುಭವಿಸಿದ್ದಾರೆ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಆ ದೇಶವನ್ನು ಪ್ರವಾಸಕ್ಕೆ ಅತಿ ಕಡಿಮೆ ಎಚ್ಚರಿಕೆ ಬೇಕಾದ ಮಟ್ಟಕ್ಕೆ ಏರಿಸಿತು. ವಿಚಾರಣೆಯಿಲ್ಲದೆ ಜೈಲು ಸೇರಿದ ನಿರಪರಾಧಿಯ ಪಾಲಿನ ಸುರಕ್ಷತೆಗೆ ಹತ್ಯೆಯ ದರದಲ್ಲಿ ಕಾಲಂ ಇಲ್ಲ.

ಓದುವ ಕ್ರಮ ಮತ್ತು ಸುಧಾರಣೆ

ಅಪರಾಧ ಹೆಚ್ಚುವುದು ಬೇರೆ, ಅದರ ದಾಖಲಾತಿ ಹೆಚ್ಚುವುದು ಬೇರೆ. ಎರಡನ್ನೂ ಬೆರೆಸಬಾರದು ಎಂದು ಎನ್‌ಸಿಆರ್‌ಬಿ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಇ-ಎಫ್‌ಐಆರ್, ಮಹಿಳಾ ಸಹಾಯ ಕೇಂದ್ರಗಳಂಥ ಕ್ರಮಗಳಿಂದಲೂ ಅಂಕಿ ಏರಬಹುದು ಎಂಬುದು ಅದರ ವಿವರಣೆ. ಈ ಎಚ್ಚರಿಕೆ ಸುದ್ದಿಯಾಗುವುದು ಅಪರೂಪ. ಅಂಕಿಯನ್ನು ಓದುವವರು ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ: ಯಾವ ಅಪರಾಧ ಏರಿದೆ, ಕಾನೂನು ಅಥವಾ ದೂರಿನ ದಾರಿ ಈ ನಡುವೆ ಬದಲಾಗಿದೆಯೇ, ಭಾಗಿಸಿದ ಜನಸಂಖ್ಯೆ ಯಾವ ವರ್ಷದ್ದು, ಕೊಲೆಯಂಥ ಮುಚ್ಚಿಡಲಾಗದ ಅಪರಾಧವೂ ಅದೇ ದಿಕ್ಕಿನಲ್ಲಿ ಸಾಗಿದೆಯೇ, ಸಮೀಕ್ಷೆ ಏನು ಹೇಳುತ್ತದೆ.

ಕೊನೆಯ ಪ್ರಶ್ನೆಗೆ ಭಾರತದಲ್ಲಿ ಉತ್ತರ ಸಿಗುವುದು ಕಷ್ಟ. ಐಡಿಎಫ್‌ಸಿ ಸಂಸ್ಥೆ 2017ರಲ್ಲಿ ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲಿ ನಡೆಸಿದ ಸಮೀಕ್ಷೆಯಂಥ ಪ್ರಯತ್ನಗಳಿವೆ. ಆದರೆ ವರ್ಷವರ್ಷ ನಡೆಯುವ ರಾಷ್ಟ್ರವ್ಯಾಪಿ ಸಂತ್ರಸ್ತರ ಸಮೀಕ್ಷೆ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಕಸಿದು ಓಡುವುದು, ಸಂಘಟಿತ ಅಪರಾಧ ಮುಂತಾದವು ಪ್ರತ್ಯೇಕ ಅಪರಾಧಗಳಾಗಿವೆ. ಎಲ್ಲಿಯ ಘಟನೆಗಾದರೂ ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಮಾಡಿಸುವ, ಆನ್‌ಲೈನ್ ಮೂಲಕ ದೂರು ಕೊಡುವ ಅವಕಾಶಕ್ಕೆ ಕಾನೂನಿನ ಬಲ ಬಂದಿದೆ. ಆದ್ದರಿಂದ 2024ರ ನಂತರದ ಅಂಕಿಗಳನ್ನು ಹಿಂದಿನವುಗಳ ಜೊತೆ ನೇರವಾಗಿ ಜೋಡಿಸಲಾಗದು. ಮುಂದೆ ಅಂಕಿ ಏರಿದರೆ ಅಪಾಯ ಏರಿತೋ ದಾಖಲಾತಿ ಸುಧಾರಿಸಿತೋ ಎಂಬ ವಾದ ಮತ್ತೆ ಏಳುತ್ತದೆ, ಪ್ರತಿ ಪಕ್ಷವೂ ತನಗೆ ಬೇಕಾದ ಉತ್ತರವನ್ನು ಹಿಡಿಯುತ್ತದೆ. ಠಾಣೆಯ ಹೊರಗೆ, ಜನರನ್ನೇ ಕೇಳಿ ತೆಗೆದ ಎರಡನೆಯ ಲೆಕ್ಕವೊಂದು ಬರುವವರೆಗೆ ಈ ವಾದ ಬಗೆಹರಿಯದು. ಅಲ್ಲಿಯವರೆಗೆ, ದೂರು ಹೆಚ್ಚು ದಾಖಲಿಸಿದ ಠಾಣೆಗೆ ಕೆಟ್ಟ ಹೆಸರು, ಕಡಿಮೆ ದಾಖಲಿಸಿದ ಠಾಣೆಗೆ ಒಳ್ಳೆಯ ಹೆಸರು ಎಂಬ ವ್ಯವಸ್ಥೆಯೇ ಉಳಿದಿರುತ್ತದೆ; ಅದರ ಬೆಲೆ ತೆರುವವರು ಎಫ್‌ಐಆರ್ ಆಗದೆ ಠಾಣೆಯಿಂದ ಮರಳಿದ ದೂರುದಾರರು.